ಸಾರು ಹೆಚ್ಚಾಗೈತಿ

ಮನುಷ್ಯನಿಗೆ ಮನೆಯಲ್ಲಿ ಏನಾದರೊಂದು ಅಧಿಕಾರ ಇರಬೇಕು. ದೊಡ್ಡದೇ ಆಗಬೇಕೆಂದಿಲ್ಲ. ಕೆಲವರ ಕೈಯಲ್ಲಿ ಟಿವಿಯ ರಿಮೋಟು ಇರುತ್ತದೆ. ನಮ್ಮ ಎದುರುಮನೆಯವರಿಗೆ ನಳದ ನೀರು ಬಂದಾಗ ಮೋಟಾರು ಹಚ್ಚುವ ಹಕ್ಕು ಇದೆ. ಪರವೂರಿಗೆ ಹೋಗುವಾಗಲೂ ಅವರು ಅದನ್ನು ಬೇರೆಯವರಿಗೆ ವಹಿಸಿಕೊಡುವುದಿಲ್ಲ. ನನ್ನ ಪಾಲಿಗೆ ಬಂದದ್ದು ಉಳಿದ ಅಡುಗೆಯ ವಾಸನೆ ನೋಡುವ ಅಧಿಕಾರ. ನಿನ್ನೆಯ ಪಲ್ಯವಿರಲಿ, ಮೊನ್ನೆಯ ಬೇಳೆಯಿರಲಿ, ಯಾವತ್ತು ಹೆಪ್ಪು ಹಾಕಿದ್ದೆಂದು ಯಾರಿಗೂ ನೆನಪಿಲ್ಲದ ಮೊಸರಿರಲಿ, ಪಾತ್ರೆಯನ್ನು ನನ್ನ ಮೂಗಿನ ಹತ್ತಿರ ತರುತ್ತಾರೆ. ನಾನು "ಚೊಲೋ ಐತಿ" ಎಂದರೆ ಅದು ತಾಟಿಗೆ ಬರುತ್ತದೆ, "ಹಳಸೇತಿ" ಎಂದರೆ ಹಿತ್ತಿಲಿನ ದಾರಿ ಹಿಡಿಯುತ್ತದೆ. ಮೇಲ್ಮನವಿ ಇಲ್ಲ. ಈ ಅಧಿಕಾರವನ್ನು ನಾನು ಒಂಬತ್ತು ವರ್ಷ ನಡೆಸಿದೆ. ಅದರಲ್ಲಿ ಕಡೆಯ ಮೂರು ವರ್ಷ ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುವುದರಲ್ಲಿ ಅಂಥ ನಷ್ಟವೇನಿಲ್ಲ.

ನಾವಿರುವುದು ಮೂಡಲಗಿಯಲ್ಲಿ. ನಾನು ಹತ್ತಿರದ ನಾಗನೂರಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಹೆಂಡತಿ ಸುವರ್ಣಾ ಸರಕಾರಿ ದವಾಖಾನೆಯಲ್ಲಿ ನರ್ಸು, ಅವಳ ತವರು ಹುಕ್ಕೇರಿ. ಒಬ್ಬಳೇ ಮಗಳು ನಿಡಸೋಸಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಹೀಗಾಗಿ ಉಳಿದ ಅಡುಗೆಯ ಜಗಳಗಳಿಂದ ಬಚಾವಾಗಿದ್ದಾಳೆ. ನನ್ನ ಅವ್ವ ಕೌಜಲಗಿಯಿಂದ ನಮ್ಮಲ್ಲಿಗೆ ಬಂದು ಹತ್ತು ವರ್ಷವಾಯಿತು. ಬರುವಾಗ ಸೀರೆಯ ಒಂದು ಗಂಟು, ರೊಟ್ಟಿ ಬೇಯಿಸುವ ಒಂದು ಮಣ್ಣಿನ ಹಂಚು, ಮತ್ತು ಮಾಡಿದ ಅಡುಗೆಯನ್ನು ಚೆಲ್ಲಬಾರದು ಎಂಬ ಒಂದು ಮಾತು, ಇಷ್ಟನ್ನು ತಂದಳು. ಹಂಚು ಮೊದಲ ವರ್ಷವೇ ಬಿರುಕು ಬಿಟ್ಟಿತು. ಮಾತು ಹಾಗೆಯೇ ಇದೆ.

ಅವ್ವನ ಪ್ರಕಾರ ಅಡುಗೆ ಹಳಸುವುದಿಲ್ಲ, ವೇಷ ಬದಲಿಸುತ್ತದೆ. ಬೆಳಗಿನ ಅನ್ನ ಸಂಜೆಗೆ ಒಗ್ಗರಣೆ ಅನ್ನವಾಗುತ್ತದೆ. ನಿನ್ನೆಯ ರೊಟ್ಟಿ ಒಣಗಿ ಕಟಕ ರೊಟ್ಟಿಯಾಗುತ್ತದೆ. ಕಟಕ ರೊಟ್ಟಿ ಮುರಿಸಿಕೊಂಡು, ಮಜ್ಜಿಗೆಯಲ್ಲಿ ನೆನೆದು, ಉಳ್ಳಾಗಡ್ಡಿಯ ಒಗ್ಗರಣೆ ಹಾಕಿಸಿಕೊಂಡು ಇನ್ನೊಂದು ಜನ್ಮ ಎತ್ತುತ್ತದೆ. ಎಲ್ಲ ಜನ್ಮಗಳೂ ತೀರಿದ ಮೇಲೆ ಓಣಿಯ ಎಮ್ಮೆ ಇದ್ದೇ ಇದೆ. ಎಮ್ಮೆ ತಿಂದದ್ದು ಹಾಲಾಗಿ ಮತ್ತೆ ನಮ್ಮ ಮನೆಗೇ ಬರುತ್ತದೆ, ಆದ್ದರಿಂದ ಚೆಲ್ಲುವ ಪ್ರಶ್ನೆಯೇ ಏಳುವುದಿಲ್ಲ. ಆತ್ಮ ಸಾಯುವುದಿಲ್ಲ ಎಂದು ಮಠದಲ್ಲಿ ಸ್ವಾಮಿಗಳು ಪ್ರವಚನ ಹೇಳಿದಾಗ ಎಲ್ಲರೂ ತಲೆದೂಗುತ್ತಿದ್ದರೆ ಅವ್ವ ಮಾತ್ರ ಇದರಲ್ಲಿ ಹೊಸದೇನಿದೆ ಎಂಬಂತೆ ಕುಳಿತಿದ್ದಳು.

ಸುವರ್ಣಾಳದು ದವಾಖಾನೆಯ ಶಿಸ್ತು. ಮಾಡಿದ ಅಡುಗೆಯನ್ನು ಎರಡು ತಾಸಿನೊಳಗೆ ಫ್ರಿಜ್ಜಿಗೆ ಇಡಬೇಕು, ಇಟ್ಟದ್ದನ್ನು ಎರಡು ದಿನದೊಳಗೆ ತಿನ್ನಬೇಕು, ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೊಮ್ಮೆ ಮಾಡಬಾರದು. ಇದನ್ನು ಅವಳು ದಿನಾಲೂ ಹತ್ತಾರು ಹೆಣ್ಣುಮಕ್ಕಳಿಗೆ ಹೇಳುತ್ತಾಳೆ, ಅವರೆಲ್ಲ ಹೂಂ ಎನ್ನುತ್ತಾರೆ. ಮನೆಗೆ ಬಂದರೆ ಹೂಂ ಎನ್ನುವವರಿಲ್ಲ. ಹಾಗೆಂದು ಅವಳ ಶಿಸ್ತಿಗೂ ಒಂದು ಕಿಂಡಿ ಇದೆ. ಹುಕ್ಕೇರಿಯಿಂದ ಅವಳ ತಾಯಿ ಕಳಿಸುವ ಕೆಂಪು ಮೆಣಸಿನಕಾಯಿಯ ರಂಜಕಕ್ಕೆ ಈ ಯಾವ ಕಾಯಿದೆಯೂ ಹತ್ತುವುದಿಲ್ಲ. ಅದರ ಭರಣಿ ನಮ್ಮ ಮನೆಯಲ್ಲಿ ಎಷ್ಟು ಕಾಲದಿಂದ ಇದೆ ಎಂದು ನಾನು ಕೇಳಿಲ್ಲ. ಕೇಳಿದರೆ "ಅದು ಕೆಡೂದಿಲ್ರಿ" ಎಂಬ ಉತ್ತರ ಬರುತ್ತದೆ. ಅವ್ವ ಹೇಳುವುದೂ ಅದನ್ನೇ, ಎಲ್ಲ ಅಡುಗೆಯ ಬಗ್ಗೆ.

ಇಬ್ಬರ ಮಾತುಕತೆ ಹೀಗೆ ನಡೆಯುತ್ತಿತ್ತು.

"ಅತ್ತಿ, ಇದು ಮಾಡಿ ನಾಕ ದಿನಾ ಆತ್ರಿ."

"ದಿನಾ ಎಣಸಾಕ ಅದೇನ ಬಾಣಂತಿ ಏನವ್ವಾ?"

"ಹಂಗಲ್ರಿ. ಹೊಟ್ಟಿಗೆ ಬಾಧಿ ಆಕ್ಕೈತಿ."

"ನಿನ್ನ ದವಾಖಾನಿಗೆ ಬರಾವ್ರೆಲ್ಲಾ ತಂಗಳ ಉಂಡವರ ಏನು? ಬಿಸೀದ ಉಂಡವ್ರು ಬರೂದ ಇಲ್ಲ?"

"ಬರ್ತಾರ್ರಿ. ಕಾಲ ಮುರಕೊಂಡ ಬರ್ತಾರ."

ಕೊನೆಗೆ ಸುವರ್ಣಾ ಒಂದು ಉಪಾಯ ಮಾಡಿದಳು. ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯನ್ನು ತುಂಡು ಕತ್ತರಿಸಿ, ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದು, ಫ್ರಿಜ್ಜಿನೊಳಗಿನ ಡಬ್ಬಿಗಳಿಗೆಲ್ಲ ಅಂಟಿಸಿದಳು. ಅವ್ವ ನಾಲ್ಕನೆಯ ಇಯತ್ತೆ ಓದಿದವಳು, ಅಂಕಿಗಳನ್ನು ಚೆನ್ನಾಗಿ ಬಲ್ಲಳು. ಒಂದು ವಾರದ ಮೇಲೆ ನೋಡಿದರೆ ಫ್ರಿಜ್ಜಿನಲ್ಲಿದ್ದ ಆರೂ ಡಬ್ಬಿಗಳ ಮೇಲೆ ಅವತ್ತಿನದೇ ತಾರೀಖು ಇತ್ತು. ಸುವರ್ಣಾ ಕೇಳಿದಾಗ ಅವ್ವ, "ಹಳೇ ಪಟ್ಟಿ ಬಿಚ್ಚಿ ಹೊಸಾದ ಹಚ್ಚೇನಿ. ನೀನೂ ದಿನಾ ಹಂಗ ಮಾಡ್ತಿಯಲ್ಲವ್ವಾ, ಗಾಯಕ್ಕ?" ಎಂದಳು. ಅದರಲ್ಲಿ ಕುಹಕವಿತ್ತೋ ಮುಗ್ಧತೆಯಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ಪಟ್ಟಿಯ ಸುರುಳಿ ಮರುದಿನ ದವಾಖಾನೆಗೆ ವಾಪಸು ಹೋಯಿತು.

ನನ್ನ ಮೂಗು ಅಧಿಕಾರಕ್ಕೆ ಬಂದದ್ದು ಒಂದು ಡಬ್ಬಿ ಹೆಸರುಕಾಳಿನ ಪಲ್ಯದಿಂದ. ಸುವರ್ಣಾ ಅದನ್ನು ಅವ್ವನಿಗೆ ಹೇಳದೆ ಚೆಲ್ಲಿದ್ದಳು. ಅವ್ವ ಅದನ್ನು ಹಿತ್ತಿಲಿನಲ್ಲಿ ಕಾಗೆಗಳು ತಿನ್ನುತ್ತಿರುವಾಗ ಗುರುತು ಹಿಡಿದಳು. ಆಮೇಲೆ ಮೂರು ದಿನ ಇಬ್ಬರಿಗೂ ಮಾತಿಲ್ಲ. ಒಂದೇ ಅಡುಗೆಮನೆಯಲ್ಲಿ ಎರಡು ಮಾರು ದೂರದಲ್ಲಿ ನಿಂತುಕೊಂಡು, ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನನ್ನನ್ನು ಕರೆದು, "ಉಪ್ಪಿನ ಡಬ್ಬಿ ಎಲ್ಲೈತಿ ಕೇಳ್ರಿ" ಎಂದು ಒಬ್ಬಳು, "ನಿನ್ನ ಮುಂದ ಐತಿ ಅಂತ ಹೇಳೋ" ಎಂದು ಇನ್ನೊಬ್ಬಳು. ಜಗಳವನ್ನಾದರೂ ತಾಳಿಕೊಳ್ಳಬಹುದು. ಈ ಮೌನದಲ್ಲಿ ನನಗೆ ಮೂವತ್ತೆಂಟು ಉತ್ತರಪತ್ರಿಕೆಗಳಲ್ಲಿ ಎಲ್ಲರೂ ಪಾಸಾದಂತೆ ಕಂಡಿತು. ನಾಲ್ಕನೆಯ ದಿನ ಮತ್ತೊಂದು ಡಬ್ಬಿ ಹೊರಗೆ ಬಂದಾಗ ಅವ್ವ ಅದನ್ನು ತಂದು ನನ್ನ ಮುಂದೆ ಹಿಡಿದು, "ಮಲ್ಲಪ್ಪ, ವಾಸನಿ ನೋಡಿ ನೀನ ಹೇಳಿಬಿಡು. ನೀ ಅಂದಂಗ" ಎಂದಳು. ಸುವರ್ಣಾ ಬಾಗಿಲಲ್ಲಿ ನಿಂತು, "ಆತ್ರಿ, ನೀವು ಅಂದಂಗ" ಎಂದಳು. ಅವತ್ತಿನಿಂದ ಮನೆಯಲ್ಲಿ ಮಾತು ಮರಳಿತು. ನನ್ನ ಮೂಗು ನಡೆಯುವವರೆಗೆ ಮನೆ ನಡೆಯುತ್ತದೆ ಎಂಬುದು ನನಗೆ ಅವತ್ತೇ ತಿಳಿಯಿತು.

ಅವರು ನನ್ನ ಮೂಗನ್ನು ನಂಬಿದ್ದಕ್ಕೆ ಆಧಾರವೂ ಇತ್ತು. ಎಳೆಯವನಿದ್ದಾಗ ಕೌಜಲಗಿಯಲ್ಲಿ ನಮ್ಮ ಕಟ್ಟೆಯ ಮೇಲೆ ಕುಳಿತೇ ಮೂರು ಮನೆಯಾಚೆ ಬದನೆಕಾಯಿ ಸುಡುತ್ತಿದ್ದಾರೆ ಎಂದು ಹೇಳುತ್ತಿದ್ದೆ, ಹೇಳಿ ಆ ಮನೆಗೆ ಹೋಗಿಯೂ ಬಿಡುತ್ತಿದ್ದೆ. ಓದಿನಲ್ಲಿ, ಕುಸ್ತಿಯಲ್ಲಿ, ಒಕ್ಕಲುತನದಲ್ಲಿ ನನ್ನ ಹೆಸರು ಯಾರೂ ಎತ್ತುತ್ತಿರಲಿಲ್ಲ, ಮೂಗಿನ ವಿಷಯ ಬಂದಾಗ ಮಾತ್ರ ಎತ್ತುತ್ತಿದ್ದರು. ಅಂಥ ಮೂಗು ಕೊರೊನಾ ಬಂದ ಕಾಲದಲ್ಲಿ ನನ್ನನ್ನು ಬಿಟ್ಟು ಹೋಯಿತು. ಮನೆಯ ಮೂವರಿಗೂ ಜ್ವರ ಬಂದಿತ್ತು, ಮೂವರಿಗೂ ವಾಸನೆ ಹೋಗಿತ್ತು. ಅವ್ವನಿಗೆ ಎಂಟು ದಿನದಲ್ಲಿ ಮರಳಿತು, ಸುವರ್ಣಾಳಿಗೆ ಹತ್ತು ದಿನದಲ್ಲಿ. "ನಿಮಗ್ರಿ?" ಎಂದು ಅವಳು ಕೇಳಿದಾಗ ನಾನು "ಬಂತು" ಎಂದೆ. ನಾಳೆ ನಾಡಿದ್ದರಲ್ಲಿ ಬರುತ್ತದೆ, ಎರಡು ದಿನದ ಮಾತಿಗೆ ಯಾಕೆ ಗಾಬರಿಪಡಿಸಬೇಕು ಎಂಬ ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳು ಅದು. ಅದು ಬರಲಿಲ್ಲ. ಸುಳ್ಳು ನಿಂತುಕೊಂಡಿತು.

ಮೂಗಿಲ್ಲದೆ ಮೂಗಿನ ಕೆಲಸ ಮಾಡುವುದು ಮೊದಮೊದಲು ಕಷ್ಟವೆನಿಸಿತು. ಕಬ್ಬು ನುರಿಸುವ ದಿನಗಳಲ್ಲಿ ಗಾಳಿ ತಿರುಗಿದರೆ ಇಡೀ ಊರಿಗೆ ಕಾಕಂಬಿಯ ವಾಸನೆ ಬರುತ್ತದೆ, ಎಲ್ಲರೂ ಮೂಗಿಗೆ ಕೈ ಹಿಡಿಯುತ್ತಾರೆ. ನಾನು ಒಂದು ಕ್ಷಣ ತಡವಾಗಿ ಹಿಡಿಯುತ್ತಿದ್ದೆ. ಆಮೇಲೆ ರೂಢಿಯಾಯಿತು, ಕೆಲವು ಸಲ ಎಲ್ಲರಿಗಿಂತ ಮೊದಲು ಹಿಡಿದೆ. ಸಾಲೆಯಲ್ಲಿ ಬಿಸಿಯೂಟ ಬಡಿಸುವ ಮೊದಲು ಮಾಸ್ತರೊಬ್ಬರು ರುಚಿ ನೋಡಿ ವಹಿಯಲ್ಲಿ ಸಹಿ ಮಾಡಬೇಕು. ಆ ಸರದಿ ಬಂದಾಗ ನನಗೆ ಆಸಿಡಿಟಿ ಎಂದು ಹೇಳಿ ಅದನ್ನು ಬೇರೆ ಮಾಸ್ತರರಿಗೆ ದಾಟಿಸಿದೆ. ಪರರ ಮಕ್ಕಳ ಹೊಟ್ಟೆಯ ಮೇಲೆ ಸುಳ್ಳು ಸಹಿ ಹಾಕಲು ಮನಸ್ಸಾಗಲಿಲ್ಲ. ಮನೆಯವರ ಹೊಟ್ಟೆಯ ಬಗ್ಗೆ ಈ ಸಂಕೋಚ ಯಾಕೆ ಬರಲಿಲ್ಲ ಎಂದು ಕೇಳಿದರೆ, ಮನೆಯಲ್ಲಿ ಸಹಿ ಮಾಡಬೇಕಾಗಿರಲಿಲ್ಲ ಎಂಬುದಷ್ಟೇ ಕಾರಣ.

ನಿಜ ಹೇಳಬೇಕೆಂದರೆ ನನಗೆ ಬೇರೆ ಎರಡು ಮೂಗುಗಳ ಆಸರೆ ಇತ್ತು. ಪಾತ್ರೆಯನ್ನು ಮುಖದ ಹತ್ತಿರ ಹಿಡಿದು ಉಸಿರೆಳೆದಂತೆ ಮಾಡಿ, ಅದರ ಅಂಚಿನ ಮೇಲಿಂದ ಅವರಿಬ್ಬರ ಮುಖ ನೋಡುತ್ತಿದ್ದೆ. ನಿಜವಾಗಿ ಹಳಸಿದ್ದರೆ ಅವ್ವ ಪಾತ್ರೆಯನ್ನು ಕೊಡುವಾಗಲೇ ಕೈ ಉದ್ದ ಮಾಡಿರುತ್ತಿದ್ದಳು, ತುಟಿ ಒಂದು ಕಡೆ ಸೊಟ್ಟಗಾಗಿರುತ್ತಿತ್ತು. ಚೆನ್ನಾಗಿದ್ದರೆ ಸುವರ್ಣಾ ವಾದ ಮಾಡುತ್ತಿದ್ದರೂ ಅವಳ ಮೂಗಿನ ಹೊಳ್ಳೆ ಅಲುಗುತ್ತಿರಲಿಲ್ಲ. ಬಾಯಿಯಿಂದ ಅವರು ಏನೇ ಹೇಳಲಿ, ಮೂಗುಗಳು ಯಾವಾಗಲೂ ಸತ್ಯವನ್ನೇ ಹೇಳುತ್ತಿದ್ದವು. ಅದನ್ನು ಓದಿ ನಾನು ತೀರ್ಪು ಕೊಡುತ್ತಿದ್ದೆ. ಎರಡೂ ಕಡೆ ಸಂಶಯವಿದ್ದರೆ ಕಳೆದ ವಾರ ಯಾರ ಪರವಾಗಿ ಹೇಳಿದ್ದೆನೆಂದು ನೆನಪು ಮಾಡಿಕೊಂಡು ಈ ವಾರ ಇನ್ನೊಬ್ಬರ ಪರವಾಗಿ ಹೇಳುತ್ತಿದ್ದೆ. ಮೂರು ವರ್ಷ ಯಾರ ಹೊಟ್ಟೆಯೂ ಕೆಡಲಿಲ್ಲ. ಮೊದಲಿಗಿಂತ ನನ್ನ ತೀರ್ಪು ಸುಧಾರಿಸಿದೆ ಎಂದು ಅವ್ವ ಒಮ್ಮೆ ಹೇಳಿದ್ದೂ ಉಂಟು. "ಮೊದಲ ಬರೇ ವಾಸನಿ ನೋಡ್ತಿದ್ದಿ, ಈಗ ವಿಚಾರ ಮಾಡ್ತಿ" ಎಂದಳು.

ಇದೆಲ್ಲ ಕೆಟ್ಟದ್ದು ಈ ವರ್ಷದ ಯುಗಾದಿಯಲ್ಲಿ, ಕಟ್ಟಿನ ಸಾರಿನಿಂದ. ಹೋಳಿಗೆಗೆಂದು ಬೇಯಿಸಿದ ಕಡಲೆಬೇಳೆಯನ್ನು ಬಸಿದಾಗ ಬರುವ ನೀರಿಗೆ ಕಟ್ಟು ಎನ್ನುತ್ತಾರೆ. ಅದಕ್ಕೆ ಹುಣಸೆಹುಳಿ, ಮಸಾಲೆ ಖಾರ, ಹುರಿದ ಕೊಬ್ಬರಿ ಹಾಕಿ ಕುದಿಸಿದ್ದೇ ಕಟ್ಟಿನ ಸಾರು. ಇದು ಮಾಡಿದ ದಿನಕ್ಕಿಂತ ಮರುದಿನ ರುಚಿ ಎಂಬುದನ್ನು ಸುವರ್ಣಾಳೂ ಒಪ್ಪುತ್ತಾಳೆ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಕಟ್ಟಿನ ಸಾರು ಮೂರನೇ ದಿನಕ್ಕ ಹರೇಕ ಬರತೈತಿ" ಎನ್ನುತ್ತಾಳೆ. ಹರೆಯಕ್ಕೆ ಬರುವವರೆಗೆ ಅದನ್ನು ಫ್ರಿಜ್ಜಿನಲ್ಲಿ ಇಡುವಂತಿಲ್ಲ, ಹೊರಗೇ ಬೋಗಾಣಿಯಲ್ಲಿಟ್ಟು ಮುಂಜಾನೆ ಸಂಜೆ ಎರಡು ಹೊತ್ತು ಕುದಿಸಬೇಕು. ಇದೊಂದು ಸಾರಿಗೆ ಮಾತ್ರ ಸುವರ್ಣಾ ತನ್ನ ಕಾಯಿದೆ ಸಡಿಲಿಸಿದ್ದಳು. ಕುದಿಸುವುದು ಒಂದು ಹೊತ್ತು ತಪ್ಪಿದರೂ ಚೆಲ್ಲುವುದು ಎಂಬ ಕರಾರಿನ ಮೇಲೆ.

ಮೂರನೆಯ ದಿನ ರವಿವಾರ ಬಂತು. ಸುವರ್ಣಾಳಿಗೆ ಮಕ್ಕಳಿಗೆ ಲಸಿಕೆ ಹಾಕುವ ಡ್ಯೂಟಿ, ಮುಂಜಾನೆ ಏಳಕ್ಕೇ ಹೋದಳು. ಅವ್ವನಿಗೆ ಕೌಜಲಗಿಯಲ್ಲಿ ತನ್ನ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಓಣಿಯ ತುದಿಯಲ್ಲಿ ಟಂಟಂ ರಿಕ್ಷಾ ನಿಂತು ಹಾರ್ನ್ ಹೊಡೆಯುತ್ತಿತ್ತು. ಅವ್ವ ಒಂದು ಕಾಲನ್ನು ಚಪ್ಪಲಿಯಲ್ಲಿಟ್ಟು, ಇನ್ನೊಂದು ಕಾಲಿನಿಂದ ಇನ್ನೊಂದು ಚಪ್ಪಲಿಯನ್ನು ಹುಡುಕುತ್ತ, "ಮಲ್ಲಪ್ಪ, ಸಾರು ಹೆಚ್ಚಾಗೈತಿ. ನೋಡ್ಕೋ" ಎಂದು ಹೇಳಿ ಹೋದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಮನೆಯಲ್ಲಿನ ವಸ್ತುವನ್ನು ಇಲ್ಲ, ತೀರಿತು ಎಂದು ಹೇಳಬಾರದು. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಗ್ಯಾವು ಎನ್ನಬೇಕು, ಎಣ್ಣೆ ಮುಗಿದರೆ ಎಣ್ಣೆ ಹೆಚ್ಚಾಗೈತಿ, ಬಳೆ ಒಡೆದರೆ ಬಳೆ ಹೆಚ್ಚಾದವು. ಕಿರಾಣಿ ಅಂಗಡಿಗೆ ಹೋಗಿ ಬೆಲ್ಲ ಹೆಚ್ಚಾಗೈತಿ ಎಂದರೆ ಅಂಗಡಿಯವನು ಮರುಮಾತಾಡದೆ ಬೆಲ್ಲ ತೂಗುತ್ತಾನೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ನಮ್ಮ ಸಾಲೆಯ ವಿಜ್ಞಾನದ ಮಾಸ್ತರರಿಗೆ ಮನೆಯ ಮಾಲಕಿ ಒಂದು ದಿನ ಮುಂಜಾನೆ, "ಸರ, ನೀರು ಹೆಚ್ಚಾಗ್ಯಾವ್ರಿ" ಎಂದಳಂತೆ. ಅವರು "ಬಹಳ ಸಂತೋಷ" ಎಂದು ಬಚ್ಚಲಿಗೆ ಹೋಗಿ, ಇದ್ದ ಒಂದು ತಂಬಿಗೆ ನೀರಿನಲ್ಲಿ ಮೈ ನೆನೆಸಿ, ಸಾಬೂನು ಹಚ್ಚಿಕೊಂಡ ಮೇಲೆ ನಮ್ಮ ಭಾಷೆ ಕಲಿತರು. ನಾನು ಆ ಕತೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿ ನಕ್ಕವನು. ಹೆಚ್ಚಾಗೈತಿ ಎಂದರೆ ಇಲ್ಲ ಎಂದೇ ಅರ್ಥ, ಇದರಲ್ಲಿ ಕನ್ನಡ ಮಾಸ್ತರನಿಗೆ ಸಂಶಯ ಬರುವ ಮಾತೇ ಇರಲಿಲ್ಲ. ಹಬ್ಬದ ದಿನಗಳಲ್ಲಿ ಅವ್ವ ಮುಗಿಯಿತು ಎನ್ನುವುದುಂಟೇ? ಸಾರು ಮುಗಿದಿದೆ, ಮಧ್ಯಾಹ್ನ ಬೇರೆ ಏನಾದರೂ ನೋಡಿಕೊ, ಎಂದು ಹೇಳಿ ಹೋದಳು ಎಂದುಕೊಂಡೆ.

ಆದ್ದರಿಂದ ಮಧ್ಯಾಹ್ನ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮತ್ತು ಮೊಸರು ಹಚ್ಚಿಕೊಂಡು ಎರಡು ರೊಟ್ಟಿ ತಿಂದೆ. ಇದ್ದುದರಲ್ಲಿ ಹೊಂದಿಕೊಳ್ಳುವ ಗಂಡಸು ಎಂದು ನನ್ನ ಬಗ್ಗೆ ಸ್ವಲ್ಪ ಒಳ್ಳೆಯ ಭಾವನೆಯೂ ಮೂಡಿತು. ಒಲೆಯ ಬಾಜೂಕ್ಕೆ ಬಿದಿರು ಬುಟ್ಟಿಯ ಕೆಳಗೆ ಬೋಗಾಣಿ ಇತ್ತು. ತೊಳೆದು ಬೋರಲು ಹಾಕುವುದನ್ನು ಮರೆತಿರಬೇಕೆಂದು ಅದನ್ನು ಮುಟ್ಟಲಿಲ್ಲ. ಯುಗಾದಿಯ ಬಿಸಿಲು, ಮೇಲೆ ತಗಡಿನ ಮಾಡು, ಕಿಟಕಿ ಮುಚ್ಚಿದ ಅಡುಗೆಮನೆ. ಸಾರು ಇಡೀ ದಿನ ಅಲ್ಲಿ ತನ್ನಷ್ಟಕ್ಕೆ ಹರೆಯಕ್ಕೆ ಬರುತ್ತಿತ್ತು.

ಸಂಜೆ ಐದರ ಹೊತ್ತಿಗೆ ಸುವರ್ಣಾ ಬಂದಳು, ಅವಳ ಬೆನ್ನಿಗೇ ಅವ್ವ ಬಂದಳು. ಸುವರ್ಣಾ ಕೈಕಾಲು ತೊಳೆದು ಬುಟ್ಟಿ ಎತ್ತಿ, ಬೋಗಾಣಿಯ ಮುಚ್ಚಳ ತೆರೆದು, "ರೀ, ಇದನ್ನ ಮುಂಜಾನಿ ಕುದಸೀರೇನ್ರಿ?" ಎಂದಳು.

"ಯಾವುದನ್ನು?"

"ಸಾರು."

ಅವ್ವ ಪಡಸಾಲೆಯಿಂದಲೇ, "ನಾ ಹೇಳಿ ಹೋಗೇನವ್ವಾ ಅವಗ. ಈ ಸಲ ಸಾರು ಹೆಚ್ಚಾಗೈತಿ, ಭಾಳ ಉಳದೈತಿ, ನೋಡ್ಕೋ ಅಂತ" ಎಂದಳು.

ಭಾಳ ಉಳದೈತಿ ಎಂಬ ಆ ಎರಡು ಶಬ್ದಗಳನ್ನು ಅವಳು ಮುಂಜಾನೆ ಹೇಳಿದ್ದರೆ ನನಗೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಹೆಚ್ಚಾಗೈತಿ ಎಂದರೆ ನಮ್ಮ ಭಾಷೆಯಲ್ಲಿ ಅಪರೂಪಕ್ಕೆ ಹೆಚ್ಚಾಗಿದೆ ಎಂದೂ ಅರ್ಥವಾಗುತ್ತದೆ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು. ಹೊಳೆದದ್ದನ್ನು ಹೇಳಿಬಿಡಬಹುದಿತ್ತು. ಹೇಳಿದರೆ ಮೈಸೂರಿನ ಮಾಸ್ತರರ ಸಾಬೂನಿನ ಕತೆ ಹೋಗಿ ಇನ್ನು ಮೇಲೆ ನನ್ನ ಕತೆ ನಡೆಯುತ್ತದೆ. ಅಲ್ಲದೆ ಕುದಿಸುವುದು ತಪ್ಪಿದೆ ಎಂದರೆ ಕರಾರಿನ ಪ್ರಕಾರ ಚೆಲ್ಲಬೇಕು, ಚೆಲ್ಲಿದರೆ ಹಬ್ಬದ ಸಾರು ಚೆಲ್ಲಿದ ಅಪವಾದ ಬರುತ್ತದೆ, ಆಮೇಲೆ ಮತ್ತೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವ ದಿನಗಳು. ನಾನು, "ಕುದಸೇನಿ" ಎಂದೆ.

ಸುವರ್ಣಾ ಬೋಗಾಣಿಯನ್ನು ತಂದು ನನ್ನ ಮುಖದ ಮುಂದೆ ಹಿಡಿದಳು. "ಹಂಗಾರ ವಾಸನಿ ನೋಡಿ ಹೇಳ್ರಿ."

ನಾನು ಎಂದಿನಂತೆ ಉಸಿರೆಳೆದು, ಅಂಚಿನ ಮೇಲಿಂದ ಅವಳ ಮುಖ ನೋಡಿದೆ. ಅವಳು ಲಸಿಕೆಯ ಡ್ಯೂಟಿಯ ಮಾಸ್ಕನ್ನು ಇನ್ನೂ ತೆಗೆದಿರಲಿಲ್ಲ. ಅವ್ವನ ಕಡೆ ತಿರುಗಿದೆ. ಟಂಟಂನ ಧೂಳಿಗೆ ಅವಳು ಸೆರಗನ್ನು ಮೂಗಿನ ಮೇಲಿಂದ ಸುತ್ತಿಕೊಂಡು ಬಂದವಳು ಹಾಗೆಯೇ ಬಾಗಿಲಲ್ಲಿ ನಿಂತಿದ್ದಳು. ಮೂರು ವರ್ಷ ನನ್ನನ್ನು ನಡೆಸಿಕೊಂಡು ಬಂದ ಎರಡೂ ಮೂಗುಗಳು ಒಂದೇ ಹೊತ್ತಿಗೆ ಮುಚ್ಚಿದ್ದವು. ನಾಲ್ಕು ಕಣ್ಣು ಮಾತ್ರ ಕಾಣುತ್ತಿದ್ದವು, ಕಣ್ಣುಗಳಿಂದ ಸಾರಿನ ವಿಷಯ ಏನೂ ತಿಳಿಯುವುದಿಲ್ಲ. ಬೋಗಾಣಿಯೊಳಗೆ ನೋಡಿದೆ. ಅಂಚಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಕುದಿಸಿದ ಸಾರಿನಲ್ಲಿ ಗುಳ್ಳೆ ಇರುವುದು ಸಹಜ ಎಂದು ಸಮಾಧಾನ ಮಾಡಿಕೊಂಡೆ. ಅದನ್ನು ಕುದಿಸಿಲ್ಲ ಎಂಬುದು ಗೊತ್ತಿದ್ದವನು ಮನೆಯಲ್ಲಿ ನಾನೊಬ್ಬನೇ, ಅಷ್ಟರಲ್ಲಿ ನಾನೂ ಅದನ್ನು ಮರೆತಿದ್ದೆ.

"ಚೊಲೋ ಐತಿ" ಎಂದೆ.

ಸುವರ್ಣಾ ಬೋಗಾಣಿಯನ್ನು ಅಲ್ಲಿಯೇ ಹಿಡಿದಿದ್ದಳು, ಅವ್ವ ಬಾಗಿಲು ಬಿಟ್ಟು ಕದಲಲಿಲ್ಲ. ತೀರ್ಪಿಗೆ ಬಲ ತುಂಬಲು ನಾನೇ ಬಟ್ಟಲಿನಂಥ ಒಂದು ವಾಟಗಾ ತೆಗೆದುಕೊಂಡು ಬೋಗಾಣಿಯಲ್ಲಿ ಅದ್ದಿದೆ. "ರೀ, ತಡೀರಿ" ಎಂದು ಸುವರ್ಣಾ ಅನ್ನುವಷ್ಟರಲ್ಲಿ ನಿಂತುಕೊಂಡೇ ಕುಡಿದುಬಿಟ್ಟೆ. ವಾಸನೆ ಇಲ್ಲದವನ ನಾಲಿಗೆಗೆ ಹುಳಿ ಖಾರ ಬಿಟ್ಟು ಬೇರೆ ರುಚಿ ತಿಳಿಯುವುದಿಲ್ಲ. ಹುಳಿ ಸ್ವಲ್ಪ ಮುಂದೆ ಇತ್ತು, ಹುಣಸೆ ಹೊಸದಿರಬೇಕೆಂದುಕೊಂಡೆ. "ಭೇಶಕ್ ಆಗೇತಿ. ಮೂರನೇ ದಿನದ್ದು ಹಿಂಗ ಇರಬೇಕು" ಎಂದು ಹೇಳಿ ಇನ್ನರ್ಧ ವಾಟಗಾ ಕುಡಿದೆ. ಊಟಕ್ಕೆ ಕುಳಿತಾಗ ಅವ್ವ ತಾನು ಕೌಜಲಗಿಯಲ್ಲಿ ಉಂಡು ಬಂದಿದ್ದೇನೆ ಎಂದಳು. ಸುವರ್ಣಾ ರೊಟ್ಟಿಗೆ ತವರಿನ ರಂಜಕ ಹಚ್ಚಿಕೊಂಡಳು. ಜಗಳವಿಲ್ಲದೆ ಒಂದು ದಿನ ಕಳೆಯಿತೆಂದು ನಾನು ಸಮಾಧಾನಪಟ್ಟೆ.

ಮರುದಿನ ಮುಂಜಾನೆಯ ವಿವರ ಬೇಡ. ಹತ್ತು ಗಂಟೆಯ ಹೊತ್ತಿಗೆ ನಾನು ಸಾಲೆಗೆ ರಜೆ ಹೇಳಿ, ಗೋಡೆ ಹಿಡಿದು ಬಂದು ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದೆ. ಸುವರ್ಣಾ ತಾನೂ ರಜೆ ಹಾಕಿ, ಉಪ್ಪು ಸಕ್ಕರೆಯ ನೀರು ಕಲಸಿ ತಂದು, ಕುರ್ಚಿ ಎಳೆದುಕೊಂಡು ಕುಳಿತಳು. ದವಾಖಾನೆಗೆ ಬಂದವರನ್ನು ಕೇಳುವ ದನಿಯಲ್ಲಿ, "ನಿನ್ನಿ ಮುಂಜಾನಿಯಿಂದ ಏನೇನ ತಿಂದ್ರಿ, ಒಂದೊಂದ ಹೇಳ್ರಿ" ಎಂದಳು. ಆ ದನಿಗೆ ಊರಿನ ಎಂಥೆಂಥವರೋ ಬಾಯಿ ಬಿಡುತ್ತಾರೆ. ನಾನು ಶೇಂಗಾ ಹಿಂಡಿಯಿಂದ ಸುರುಮಾಡಿ, ಹೆಚ್ಚಾಗೈತಿ ಎಂಬಲ್ಲಿಗೆ ಬಂದು, ಸಾರು ಕುದಿಸಿಲ್ಲ ಎಂಬುದನ್ನು ಹೇಳಿ, ಅಲ್ಲಿಗೆ ನಿಲ್ಲಲಾರದೆ ಮೂರು ವರ್ಷದಿಂದ ನನಗೆ ವಾಸನೆಯೇ ಬರುವುದಿಲ್ಲ ಎಂಬುದನ್ನೂ ಹೇಳಿಬಿಟ್ಟೆ. ಹೇಳಿದ ಮೇಲೆ ಕಣ್ಣು ಮುಚ್ಚಿದೆ. ಮನೆ ಎರಡು ಪಾಲಾಗುವ ಸಪ್ಪಳಕ್ಕೆ ಕಾದೆ.

ಸುವರ್ಣಾ, "ಅದು ಗೊತ್ತೈತ್ರಿ. ನೀರ ಪೂರಾ ಕುಡೀರಿ" ಎಂದಳು.

"ಏನು ಗೊತ್ತೈತಿ?"

"ವಾಸನಿ ಬರೂದಿಲ್ಲ ಅಂತ. ಹ್ವಾದ ವರ್ಷ ಹಾಲ ಉಕ್ಕಿ ಸೀದು ಮನಿ ತುಂಬಾ ವಾಸನಿ ಹಿಡದಿತ್ತಲ್ರಿ, ನೀವು ಒಲಿ ಬಾಜೂಕ ಕುಂತ ಪೇಪರ ಓದಾಕತ್ತಿದ್ರಿ."

ಅವ್ವ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದಳು. "ಆಕಿಗೆ ಹ್ವಾದ ವರ್ಷ ತಿಳದೈತಿ. ನನಗ ಅದಕ್ಕೂ ಮದಲ ಗೊತ್ತು. ಇಲಿ ಸತ್ತು ಮೂರ ದಿನ ನಿನ್ನ ಪಲ್ಲಂಗದ ಬುಡಕ ಇತ್ತಲ್ಲೋ. ನೀ ಅದರ ಮ್ಯಾಲ ಕುಂತ ಗಡದ್ದಾಗಿ ಚಾ ಕುಡ್ಯಾಕತ್ತಿದ್ದಿ. ಪಾಪ, ಹೇಳಬಾರದಂತ ಬಿಟ್ಟೆ."

"ಮತ್ತ ಎಲ್ಲಾ ತಂದು ನನಗ್ಯಾಕ ತೋರಿಸ್ತಿದ್ರಿ?"

ಅವ್ವ ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿದಳು. "ಯಾರರೆ ಒಬ್ರು ಚೆಲ್ಲು ಅನ್ನಬೇಕಲ್ಲೋ. ನಾ ಅಂದ್ರ ಪಾಪ ಬರತೈತಿ. ಆಕಿ ಅಂದ್ರ ಸೊಕ್ಕ ಅನಸತೈತಿ. ನೀ ಅಂದ್ರ ಏನೂ ಆಗೂದಿಲ್ಲ."

ನಾನು ಸುವರ್ಣಾಳ ಮುಖ ನೋಡಿದೆ. ಅವಳು, "ಅತ್ತಿ ಹೇಳೂದ ಖರೆ ಐತ್ರಿ" ಎಂದಳು. ಅವರಿಬ್ಬರೂ ಉಳಿದ ಅಡುಗೆಯ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಬಗ್ಗೆ ಬಂದದ್ದೂ.

"ಹಂಗಾರ ನಿನ್ನಿ ಯಾಕ ಸುಮ್ಮನ ನಿಂತ್ರಿ ಇಬ್ರೂ?" ಎಂದು ಕೇಳಿದೆ. ಹೊಟ್ಟೆ ಮತ್ತೆ ತಿರುಗುತ್ತಿತ್ತು, ದನಿಯಲ್ಲಿ ಸಿಟ್ಟು ತರಲು ಆಗಲಿಲ್ಲ.

"ಮಾಸ್ಕ ದಾಟಿ ವಾಸನಿ ಬರಾಕತ್ತಿತ್ರಿ. ಇಷ್ಟ ಖರಾಬ ಇದ್ದದ್ದನ್ನ ನೀವು ಚೆಲ್ಲು ಅಂತೀರಂತ ನಾ ತಿಳಕೊಂಡೆ. ನೀವು ವಾಟಗಾ ಹಚ್ಚತೀರಂತ ಯಾರಿಗ್ಗೊತ್ತು?"

"ಮೂಗ ಹೋಗೇತಿ ಅಂತ ಗೊತ್ತಿತ್ತು" ಎಂದಳು ಅವ್ವ. "ಕಣ್ಣೂ ಹೋಗ್ಯಾವಂತ ಗೊತ್ತಿದ್ದಿಲ್ಲ. ಬುರುಗ ಕಾಣಲಿಲ್ಲೇನೋ ನಿನಗ?"

ಎರಡು ದಿನಕ್ಕೆ ಹೊಟ್ಟೆ ಸರಿಹೋಯಿತು. ಅಧಿಕಾರ ಹೋಯಿತೆಂದೇ ನಾನು ಭಾವಿಸಿದ್ದೆ. ಮೂರನೆಯ ದಿನ ಸುವರ್ಣಾ ಬದನೆಕಾಯಿ ಪಲ್ಯದ ಡಬ್ಬಿ ತಂದು ಮೂಗಿಗೆ ಹಿಡಿದು, "ಹಳಸೇತ್ರಿ. ನೋಡಿ ಹೇಳ್ರಿ" ಎಂದಳು. ಅವ್ವ ಒಳಗಿನಿಂದ, "ಏನಂತಾನವ್ವಾ ಅಂವಾ?" ಎಂದು ಕೇಳಿದಳು. ನಾನು ಉಸಿರೆಳೆದು, "ಹಳಸೇತಿ" ಎಂದೆ. "ಅಂವಾ ಅಂದ ಮ್ಯಾಲ ಮುಗೀತು, ಚೆಲ್ಲು" ಎಂದಳು ಅವ್ವ. ಅವತ್ತಿನಿಂದ ಹೀಗೆಯೇ ನಡೆದಿದೆ. ತೀರ್ಪನ್ನು ಮೊದಲೇ ಹೇಳಿಕೊಟ್ಟು ಆಮೇಲೆ ಪಾತ್ರೆ ಕೊಡುತ್ತಾರೆ. ನಾನು ಅದನ್ನು ಓದಿ ಹೇಳುತ್ತೇನೆ. ಸರಕಾರಿ ನೌಕರನಾಗಿ ಇಪ್ಪತ್ತು ವರ್ಷ ಕಳೆದವನಿಗೆ ಇದೇನು ಹೊಸ ಕೆಲಸವಲ್ಲ. ಮನೆಯಲ್ಲಿ ಮಾತು ನಿಂತಿಲ್ಲ, ಹೊಟ್ಟೆ ಕೆಟ್ಟಿಲ್ಲ.

ಕಳೆದ ವಾರ ಮಾತ್ರ ಒಂದು ಫಜೀತಿಯಾಯಿತು. ಸುವರ್ಣಾ ಕಡಲೆಹಿಟ್ಟಿನ ಝುಣಕಾ ಇದ್ದ ಒಂದು ಡಬ್ಬಿ ತಂದು ನನ್ನ ಕೈಯಲ್ಲಿಟ್ಟಳು, ಅವ್ವ ಪಕ್ಕದಲ್ಲಿ ಬಂದು ನಿಂತಳು, ಇಬ್ಬರಲ್ಲಿ ಒಬ್ಬರೂ ಏನನ್ನೂ ಹೇಳಿಕೊಡಲಿಲ್ಲ. ಬಹುಶಃ ಒಬ್ಬರು ಹೇಳಿರಬಹುದೆಂದು ಇನ್ನೊಬ್ಬರು ತಿಳಿದಿರಬೇಕು. ಅಥವಾ ಅವರಿಗೂ ಖಚಿತವಿರಲಿಕ್ಕಿಲ್ಲ. ನಾನು ಡಬ್ಬಿಯನ್ನು ಮೂಗಿಗೆ ಹಿಡಿದು ಅವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಸುವರ್ಣಾಳ ಮುಖ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ನಾನು, "ಇವತ್ತ ಇರಲಿ, ನಾಳೆ ನೋಡೂಣು" ಎಂದೆ. ಇಬ್ಬರಿಗೂ ಅದು ಸರಿ ಕಂಡಿತು. ಆ ಡಬ್ಬಿ ಇದನ್ನು ಬರೆಯುವ ಹೊತ್ತಿಗೂ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಎಡಗಡೆ ಮೂಲೆಯಲ್ಲಿದೆ. ನೀರು ತೆಗೆದುಕೊಳ್ಳುವಾಗ ದಿನಾಲೂ ಕಾಣುತ್ತದೆ. ಅವರು ಅದರ ಮಾತೆತ್ತಿಲ್ಲ. ನಾನೂ ಎತ್ತಿಲ್ಲ.